ಇಬ್ಬರೇ ಹೋಗುವ ದೇಶ

ನಾನು ಮಾಗಡಿಯಲ್ಲಿ ಸರ್ಕಾರಿ ಆಸ್ಪತ್ರೆಯ ಔಷಧಿ ಕೊಡುವ ಕಿಟಕಿಯ ಒಳಗೆ ಕೂತು ವಯಸ್ಸು ಕಳೆದವಳು. ಕಿಟಕಿಯ ಆಚೆ ಯಾವಾಗಲೂ ಜನ. ಒಬ್ಬರ ಚೀಟಿ ನೋಡಿ ಮಾತ್ರೆ ತೆಗೆಯುತ್ತಿದ್ದರೆ ಇನ್ನೊಬ್ಬರ ಕೈ ಅವರ ಕಂಕುಳ ಸಂದಿಯಿಂದ ತೂರಿಕೊಂಡು ಬರುತ್ತದೆ. ಯಾರು ಮೊದಲು ಬಂದರು ಅನ್ನುವ ಜಗಳ ಬಗೆಹರಿಸಿ, ಊಟಕ್ಕೆ ಮುಂಚೆ ಯಾವುದು, ಆಮೇಲೆ ಯಾವುದು ಅಂತ ಕಿರುಚಿ ಹೇಳಿ, ಸಂಜೆಯ ಹೊತ್ತಿಗೆ ಗಂಟಲು ಕಟ್ಟಿರುತ್ತದೆ. ಕೆಲಸದ ಬಗ್ಗೆ ನನಗೆ ದೂರಿಲ್ಲ. ಜನರ ಬಗ್ಗೆ ಇದೆ.

ಮನೆಗೆ ಬಂದರೆ ಅಲ್ಲೂ ಜನ. ನಮ್ಮ ಮನೆಯವರದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟರು ಬಿಚ್ಚಿ, ಕರಕಲಾದ ತಂತಿ ತೆಗೆದು, ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಅಂಗಡಿ ಮನೆಯ ಮುಂದಿನ ಭಾಗದಲ್ಲೇ ಇರುವುದರಿಂದ ಮೋಟರು ತಂದ ರೈತರು ಅದು ಆಗುವತನಕ ಅಲ್ಲೇ ಕೂರುತ್ತಾರೆ, ಊಟದ ಹೊತ್ತಾದರೆ ನಮ್ಮಲ್ಲೇ ಉಣ್ಣುತ್ತಾರೆ. ಮಹಡಿಯ ಮೇಲೆ ಮೈದುನ, ಓರಗಿತ್ತಿ. ಇದ್ದೊಬ್ಬ ಮಗಳು ಮದುವೆಯಾಗಿ ಕನಕಪುರ ಸೇರಿದಳು ಅನ್ನುವುದನ್ನು ಬಿಟ್ಟರೆ ಮನೆಯಲ್ಲಿ ಜನ ಕಡಿಮೆಯಾದದ್ದು ನಾನು ಕಂಡಿಲ್ಲ. ಇಷ್ಟೇ ಮುದ್ದೆ ಸಾಕು ಅಂದುಕೊಂಡು ಹಿಟ್ಟು ತೊಳಸಿದ ದಿನವೂ ನೆನಪಿಲ್ಲ.

ಮದುವೆಯಾದ ಹೊಸದರಲ್ಲಿ ನಮ್ಮನ್ನು ಮೈಸೂರಿಗೆ ಕಳಿಸಿದರು. ಕಳಿಸಿದರು ಅಂದರೆ, ಕರೆದುಕೊಂಡು ಹೋದರು. ಒಂದು ವ್ಯಾನಿನ ತುಂಬ ನೆಂಟರು, ಹಿಂದಿನ ಸೀಟಿನ ಕೆಳಗೆ ಪಾತ್ರೆ, ಸ್ಟವ್, ಅಕ್ಕಿ ಮೂಟೆ. ರಾತ್ರಿ ಛತ್ರದಲ್ಲಿ ಹೆಂಗಸರಿಗೆ ಒಂದು ಕೋಣೆ, ಗಂಡಸರಿಗೆ ಇನ್ನೊಂದು. ಬೃಂದಾವನದಲ್ಲಿ ಬಣ್ಣಬಣ್ಣದ ನೀರು ಚಿಮ್ಮುವಾಗ ನಾನು ರೇಷ್ಮೆ ಸೀರೆಯಲ್ಲಿ ನಾಚಿಕೊಂಡು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ನಿಂತಿದ್ದವರು ನನ್ನ ಗಂಡನ ಚಿಕ್ಕಪ್ಪ.

ಆವತ್ತಿನಿಂದ ಇವತ್ತಿನವರೆಗೆ ನಾವಿಬ್ಬರೇ ಯಾವ ಪ್ರವಾಸಕ್ಕೂ ಹೋಗಿಲ್ಲ. ಇದನ್ನು ಹೇಳಿದರೆ ನಮ್ಮ ಕಡೆಯವರು ಅದರಲ್ಲೇನಿದೆ ಅನ್ನುತ್ತಾರೆ. ಗಂಡ ಹೆಂಡತಿ ಜಗಳವಾಡಿಕೊಂಡು ಬೇರೆ ಇದ್ದರೆ ಮಾತಾಡಲಿಕ್ಕೆ ವಿಷಯವಿದೆ, ಒಟ್ಟಿಗಿದ್ದೂ ಇಬ್ಬರೇ ಇರಬೇಕು ಅನ್ನುವುದು ಯಾವ ಆಸೆ? ಆದರೆ ನನಗೆ ಇತ್ತು. ನಾನು ಈ ಮನುಷ್ಯನಿಗೆ ಇಷ್ಟು ವರ್ಷ ಬಡಿಸಿದ್ದೇನೆ, ಜ್ವರ ಬಂದಾಗ ಮಾತ್ರೆ ನುಂಗಿಸಿದ್ದೇನೆ, ಜಗಳವಾಡಿದ್ದೇನೆ. ಸುತ್ತ ಯಾರೂ ಇಲ್ಲದಿದ್ದಾಗ ಇವರು ಹೇಗಿರುತ್ತಾರೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ನಿವೃತ್ತಿ ಹತ್ತಿರ ಬಂದಂತೆ ಅದು ಗೊತ್ತಾಗಲೇಬೇಕು ಅಂತ ಒಂದು ಹಟ ಹುಟ್ಟಿತು.

ಆಸ್ಪತ್ರೆಯ ಸಹೋದ್ಯೋಗಿಯೊಬ್ಬರು ಗುಂಪಿನ ಪ್ರವಾಸದಲ್ಲಿ ಯುರೋಪು ನೋಡಿ ಬಂದಿದ್ದರು. ಒಂದೇ ಉಸಿರಿಗೆ ಏಳೆಂಟು ದೇಶ. ಕಾಲು ಊದಿಸಿಕೊಂಡು ಬಂದವರನ್ನು ಏನು ನೋಡಿದಿರಿ ಅಂತ ಕೇಳಿದರೆ ಫೋನು ತೆಗೆದು ತೋರಿಸಿದರು. ಎಲ್ಲ ಚಿತ್ರದಲ್ಲೂ ಹಿಂದೆ ಜನವೋ ಜನ, ನಮ್ಮ ಕಿಟಕಿಯ ಮುಂದೆ ನಿಲ್ಲುವವರೇ ಕೋಟು ಹಾಕಿಕೊಂಡು ಅಲ್ಲಿಗೂ ಬಂದ ಹಾಗೆ. ಅಷ್ಟು ದುಡ್ಡು ಸುರಿದು ಸಾಲಿನಲ್ಲಿ ನಿಲ್ಲಲು ಹೋಗುವುದಕ್ಕೆ ನನಗೇನು ಹುಚ್ಚೆ? ಆವತ್ತು ಮಧ್ಯಾಹ್ನ ಡಬ್ಬಿಯ ಊಟ ಮಾಡುತ್ತಾ ಫೋನಿನಲ್ಲಿ ಹುಡುಕಿದೆ. ಯುರೋಪಿನಲ್ಲಿ ಜನ ಕಡಿಮೆ ಇರುವ, ಖರ್ಚು ಕಡಿಮೆ ಆಗುವ, ಚಿಕ್ಕ ದೇಶ ಯಾವುದು ಅಂತ. ನಾಲ್ಕಾರು ಹೆಸರು ಬಂದವು. ಒಂದೊಂದನ್ನೇ ಓದುತ್ತಾ ಹೋಗಿ ಸ್ಲೊವೇನಿಯಾ ಅನ್ನುವಲ್ಲಿ ನಿಂತೆ.

ಮುಂದಿನ ಕೆಲವು ತಿಂಗಳು ನನ್ನ ತಲೆಯೊಳಗೆ ಆ ದೇಶವೇ. ಅದು ಎಷ್ಟು ಚಿಕ್ಕದು ಅಂದರೆ, ಮಾಗಡಿಯಲ್ಲಿ ಬಸ್ಸು ಹತ್ತಿ ಶಿವಮೊಗ್ಗದಲ್ಲಿ ಇಳಿಯುವಷ್ಟರಲ್ಲಿ ಈ ಗಡಿಯಿಂದ ಆ ಗಡಿಗೆ ದೇಶ ಮುಗಿದಿರುತ್ತದೆ. ಇಡೀ ದೇಶದ ಜನರನ್ನು ಸೇರಿಸಿದರೂ ಬೆಂಗಳೂರಿನ ಒಂದು ಮೂಲೆಯಲ್ಲಿ ಇಟ್ಟುಬಿಡಬಹುದು. ಅಲ್ಲಿ ನಡುವೆ ದ್ವೀಪ, ದ್ವೀಪದಲ್ಲೊಂದು ಚರ್ಚು ಇರುವ ಸರೋವರವಿದೆ, ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ. ಅದೇ ಬಸ್ಸಿನಲ್ಲಿ ಕೂತು ಇನ್ನೊಂದಿಷ್ಟು ದೂರ ಹೋದರೆ ಅದಕ್ಕಿಂತ ದೊಡ್ಡದಾದ, ಸುತ್ತ ಬೆಟ್ಟವಿರುವ ಇನ್ನೊಂದು ಸರೋವರ. ಅಲ್ಲಿ ಗಲಾಟೆ ಕಡಿಮೆ. ಹೋಟೆಲು ದುಬಾರಿಯಾದರೆ ರೈತರ ಮನೆಗಳಲ್ಲಿ ಕೋಣೆ ಸಿಗುತ್ತದೆ, ಕೆಲವು ಕೋಣೆಗಳಲ್ಲಿ ಅಡುಗೆಗೆ ಒಂದು ಒಲೆಯೂ ಇರುತ್ತದೆ. ಅಲ್ಲಿನ ಶಾಲೆಗಳ ರಜೆ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಹೋದರೆ ಬಾಡಿಗೆಯೂ ಇಳಿದಿರುತ್ತದೆ, ಚಳಿಯೂ ಇನ್ನೂ ಏರಿರುವುದಿಲ್ಲ. ನಮ್ಮಲ್ಲಿ ಆಗ ಮಳೆ. ಬೋರ್‌ವೆಲ್ ಓಡಿಸುವವರು ಕಡಿಮೆ, ಮೋಟರು ಸುಡುವುದೂ ಕಡಿಮೆ, ಅಂಗಡಿ ಮುಚ್ಚಿದರೆ ಶಾಪ ಹಾಕುವವರಿಲ್ಲ.

ವಿಮಾನ ನೇರವಾಗಿ ಇಲ್ಲ. ಕೊಲ್ಲಿಯಲ್ಲಿ ಒಂದು ಕಡೆ ಇಳಿದು ಹತ್ತಬೇಕು. ಆ ದೇಶದ ರಾಜಧಾನಿಗೇ ಹೋಗುವುದಕ್ಕಿಂತ ಪಕ್ಕದ ದೇಶದ ದೊಡ್ಡ ಊರಿಗೆ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಗಡಿ ದಾಟಿದರೆ ಅಗ್ಗ ಅನ್ನುವುದನ್ನು ನಾನೇ ಪತ್ತೆ ಹಚ್ಚಿದೆ. ಗಳಿಕೆ ರಜೆ ಬೇಕಾದಷ್ಟಿತ್ತು. ರಾಗಿ ಹಿಟ್ಟು, ಹುರಿಹಿಟ್ಟು, ಚಟ್ನಿಪುಡಿ ಒಯ್ದರೆ ಊಟದ ಖರ್ಚು ಅರ್ಧ ಇಳಿಯುತ್ತದೆ. ಒಟ್ಟು ನೋಡಿದರೆ ನಮ್ಮ ಕಡೆ ಒಂದು ಗೃಹಪ್ರವೇಶಕ್ಕೆ ಊಟ ಹಾಕಿಸುವುದಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತಿತ್ತು. ಇಷ್ಟೆಲ್ಲ ಆದ ಮೇಲೆ ಒಂದು ಭಾನುವಾರ ನಮ್ಮ ಮನೆಯವರ ಮುಂದೆ ಫೋನು ಹಿಡಿದೆ.

ಅವರು ಕನ್ನಡಕ ಏರಿಸಿಕೊಂಡು ನೋಡಿದರು. ಹಸಿರು ಗುಡ್ಡ, ಮರದ ಮನೆ, ಮನೆಯ ಮುಂದೆ ಮೇಯುವ ಹಸುಗಳು. ಹಸ ನೋಡಕ್ಕೆ ಅಷ್ಟು ದೂರ ಹೋಗಬೇಕಾ ಅಂದರು. ನನಗೆ ಉರಿದುಹೋಯಿತು. ಆದರೆ ಮುಂದಿನ ಚಿತ್ರದಲ್ಲಿ ಹುಲ್ಲು ಒಣಹಾಕಲು ಅವರು ಹೊಲದಲ್ಲಿ ಕಟ್ಟುವ ಮರದ ಚೌಕಟ್ಟು ಇತ್ತು, ಮಲಗಿಸಿದ ಏಣಿಗೆ ಮೇಲೊಂದು ಸೂರು ಹೊದಿಸಿದ ಹಾಗೆ. ಅದನ್ನು ದೊಡ್ಡದು ಮಾಡಿ, ಕಂಬಕ್ಕೂ ಅಡ್ಡಪಟ್ಟಿಗೂ ಎಲ್ಲಿ ಕಚ್ಚು ಕೊಟ್ಟಿದ್ದಾರೆ ಅಂತ ಬಹಳ ಹೊತ್ತು ನೋಡಿದರು. ಎರಡು ದಿನ ಬಿಟ್ಟು ತಾವಾಗಿ ಬಂದು, ಅಲ್ಲಿಯ ಕರೆಂಟಿನ ಓಲ್ಟೇಜು ನಮ್ಮದರ ಹಾಗೇ ಇದೆ, ಪ್ಲಗ್ಗಿಗೂ ಎರಡು ದುಂಡು ಕಡ್ಡಿ, ನಮ್ಮ ಕರೆಂಟಿನ ಕುಕ್ಕರು ಅಲ್ಲಿ ನಡೆಯುತ್ತದೆ ಅಂತ ವರದಿ ಒಪ್ಪಿಸಿದರು. ಅದು ಅವರ ಭಾಷೆಯಲ್ಲಿ ಒಪ್ಪಿಗೆ.

ಪಾಸ್‌ಪೋರ್ಟು ಮಾಡಿಸಿದೆವು. ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿಗೆ ಅರ್ಜಿ ಕೊಟ್ಟೆ. ಯಾರಿಗೂ ಹೇಳಬೇಡಿ, ಟಿಕೆಟ್ ಆದ ಮೇಲೆ ಹೇಳೋಣ ಅಂತ ಮನೆಯವರಿಗೆ ಒತ್ತಿ ಹೇಳಿದೆ, ಆಣೆ ಮಾಡಿಸಿಕೊಳ್ಳುವುದೊಂದು ಬಾಕಿ. ಯಾಕೆ ಅಂತ ಅವರು ಕೇಳಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಎಲ್ಲ ಸುಸೂತ್ರವಾಗಿ ಆಗುತ್ತಿತ್ತು. ಅಷ್ಟರಲ್ಲಿ ಅವರು, ಮನೆದೇವರ ಪಾದಕ್ಕೆ ಇಡದೆ ಟಿಕೆಟ್ ಮಾಡಿಸುವುದು ಬೇಡ ಅಂದರು.

ನಮ್ಮಲ್ಲಿ ಹಾಗೆ. ಹೊಸ ಗಾಡಿ ಕೊಂಡರೆ, ಬೋರ್‌ವೆಲ್ ಕೊರೆಸಿದರೆ, ಲಗ್ನಪತ್ರಿಕೆ ಅಚ್ಚಾದರೆ, ಮೊದಲು ಸಾವನದುರ್ಗದ ಬೆಟ್ಟದ ಬುಡಕ್ಕೆ ಹೋಗಿ ದೇವರ ಮುಂದೆ ಇಟ್ಟು ಬರಬೇಕು. ಪಾಸ್‌ಪೋರ್ಟು ಬಿಟ್ಟುಹೋಗುವುದುಂಟೆ? ಒಂದು ಸೋಮವಾರ ತಟ್ಟೆಯಲ್ಲಿ ಹಣ್ಣು, ಕಾಯಿ, ವೀಳ್ಯದೆಲೆಯ ಜೊತೆ ಎರಡು ಪಾಸ್‌ಪೋರ್ಟು ಇಟ್ಟುಕೊಂಡು ಹೋದೆವು. ಅರ್ಚಕರು ಒಳ್ಳೆಯವರು, ಕಂಠವೂ ಒಳ್ಳೆಯದು. ಏನು ಕಾರ್ಯ ಅಂತ ಕೇಳಿದರು. ನಮ್ಮ ಮನೆಯವರು ಭಕ್ತಿಯಿಂದ ಎಲ್ಲವನ್ನೂ ಹೇಳಿದರು. ಅರ್ಚಕರು ಅದಷ್ಟನ್ನೂ ಸಂಕಲ್ಪಕ್ಕೆ ಸೇರಿಸಿ, ದಂಪತಿಗಳ ವಿದೇಶ ಪ್ರಯಾಣ ನಿರ್ವಿಘ್ನವಾಗಿ ನಡೆಯಲಿ ಅಂತ ಗುಡಿಯ ಆಚೆಯ ಕಲ್ಲಿಗೂ ಕೇಳುವ ಹಾಗೆ ಬೇಡಿಕೊಂಡರು. ಹಿಂದೆ ಒಂದು ಮಗುವಿನ ಮುಡಿ ಕೊಡಿಸಲು ಬಂದಿದ್ದ ಗುಂಪು ನಿಂತಿತ್ತು. ತಿರುಗಿ ನೋಡಿದರೆ ನನ್ನ ಓರಗಿತ್ತಿಯ ತವರಿನವರು. ಅಷ್ಟೂ ಜನ ನನ್ನನ್ನೇ ನೋಡಿ ನಗುತ್ತಿದ್ದರು.

ನಾವು ಮನೆ ಸೇರುವ ಹೊತ್ತಿಗೆ ಓರಗಿತ್ತಿ ಮಹಡಿ ಇಳಿದು ಬಾಗಿಲಲ್ಲೇ ನಿಂತಿದ್ದಳು. ಸಂಜೆಗೆ ಫೋನುಗಳು ಶುರುವಾದವು. ಮುಂದಿನ ಭಾನುವಾರ ನಮ್ಮ ನಡುಮನೆ ತುಂಬಿತು. ಯಾರೂ ನಮ್ಮನ್ನು ಕೇಳಲಿಲ್ಲ. ಎಲ್ಲರೂ ಹೋಗುವುದು ಅನ್ನುವುದು ಆಗಲೇ ತೀರ್ಮಾನವಾಗಿತ್ತು, ಚರ್ಚೆ ಇದ್ದದ್ದು ಅಡುಗೆಯವನನ್ನು ಕರೆದುಕೊಂಡು ಹೋಗಬೇಕೋ ಬೇಡವೋ ಅನ್ನುವುದರ ಮೇಲೆ. ಇಷ್ಟು ಜನ ಆದರೆ ಅಲ್ಲಿ ಇಳಿದ ಮೇಲೆ ಒಂದು ಟೆಂಪೊ ಮಾಡಿಕೊಂಡರಾಯಿತು ಅಂತ ಮೈದುನ ಅಂದ. ಜನವಿಲ್ಲದ ದೇಶವನ್ನು ನಾನು ಅಷ್ಟು ಕಷ್ಟಪಟ್ಟು ಹುಡುಕಿದ್ದೆ, ಈಗ ಜನವನ್ನು ನಾವೇ ಹೊತ್ತುಕೊಂಡು ಹೋಗುವ ಹಾಗಾಯಿತು.

ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಾ ಕಿವಿ ನಡುಮನೆಯ ಕಡೆ ಇಟ್ಟಿದ್ದೆ. ನಮ್ಮ ಮನೆಯವರು ಏನಾದರೂ ಅನ್ನುತ್ತಾರೆ ಅಂತ ಕಾದೆ. ಅವರು ಅಂದದ್ದು, ಆಯ್ತು ಬನ್ನಿ, ಅದಕ್ಕೇನಂತೆ. ನನ್ನ ಪಿತ್ತ ನೆತ್ತಿಗೇರಿತು. ಕಾಫಿ ತಂದು ಎಲ್ಲರಿಗೂ ಕೊಟ್ಟೆ, ಅವರ ಲೋಟಕ್ಕೆ ಮಾತ್ರ ಸಕ್ಕರೆ ಹಾಕಲಿಲ್ಲ. ಅವರು ಅದನ್ನೂ ಸದ್ದಿಲ್ಲದೆ ಕುಡಿದರು. ಒಂದು ವಾರ ನಾನು ಮುಖ ಗಂಟು ಹಾಕಿಕೊಂಡೇ ಓಡಾಡಿದೆ. ಆ ಮನೆಯಲ್ಲಿ ಒಬ್ಬಳ ಮುಖ ಗಂಟಾದರೆ ಗಮನಿಸಲು ಯಾರಿಗೆ ಪುರುಸೊತ್ತು?

ನನಗೆ ನೋವಾದದ್ದು ನೆಂಟರು ಬರುತ್ತಾರೆ ಅಂತಲ್ಲ. ಇವರು ಒಂದು ಕ್ಷಣವೂ ಯೋಚಿಸದೆ ಬನ್ನಿ ಅಂದರಲ್ಲ, ಅದಕ್ಕೆ. ನನ್ನ ಜೊತೆ ಒಬ್ಬರೇ ಇರುವುದು ಇವರಿಗೆ ಬೇಕೇ ಇಲ್ಲವೇನೋ ಅನ್ನಿಸಿತು. ಈ ವಯಸ್ಸಿನಲ್ಲಿ ಹಾಗನ್ನಿಸುವುದು ನಾಚಿಕೆಗೇಡು ಅಂತ ನನಗೇ ಹೇಳಿಕೊಂಡೆ. ಹೇಳಿಕೊಂಡರೆ ಹೋಗುವಂಥದ್ದಲ್ಲ ಅದು.

ಆದರೆ ನಮ್ಮ ಜನರ ಉತ್ಸಾಹವನ್ನು ನಾನು ಬಲ್ಲೆ. ಬೇಸಿಗೆ ಏರುವ ಹೊತ್ತಿಗೆ ಒಬ್ಬೊಬ್ಬರೇ ಉದುರತೊಡಗಿದರು. ಟಿಕೆಟ್ಟಿನ ದುಡ್ಡು ಮುಂಚೆಯೇ ಕಟ್ಟಬೇಕು ಅಂದಾಗ ಒಂದಷ್ಟು ಜನಕ್ಕೆ ಮನೆಯ ಕೆಲಸ ನೆನಪಾಯಿತು. ಮೈದುನ ರೇಷ್ಮೆ ಹುಳು ಸಾಕುತ್ತಾನೆ. ಸೆಪ್ಟೆಂಬರಿನಲ್ಲಿ ಹುಳು ನಾಲ್ಕನೇ ಜ್ವರದಲ್ಲಿ ಇರುತ್ತದೆ, ಅಂದರೆ ಕೊನೆಯ ಸಲ ಪೊರೆ ಬಿಡುವ ಹೊತ್ತು, ಆಗ ಎದ್ದ ಹುಳಕ್ಕೆ ಸೊಪ್ಪು ಹಾಕಿ ಪೂರೈಸುವುದಿಲ್ಲ, ಬಿಟ್ಟು ಬರಲಾಗದು ಅಂದ. ಓರಗಿತ್ತಿ ಕೊನೆಯತನಕ ಪಟ್ಟು ಹಿಡಿದಿದ್ದಳು. ಆ ದೊಡ್ಡ ಕಬ್ಬಿಣದ ಟವರು ಇರುವುದು ಬೇರೆ ದೇಶದಲ್ಲಿ, ನಾವು ಹೋಗುವ ಕಡೆ ಅಂಥದ್ದೇನೂ ಇಲ್ಲ ಅಂತ ಗೊತ್ತಾದ ದಿನ, ಟವರೇ ಇಲ್ದಿದ್ರೆ ಅದೆಂಥ ಯುರೋಪು ಅಕ್ಕ ಅಂದು ಮಹಡಿ ಹತ್ತಿದಳು. ನಾನು ಮುಖದ ಮೇಲೆ ಬೇಸರ ತಂದುಕೊಳ್ಳಲು ಬಹಳ ಪ್ರಯತ್ನಪಟ್ಟೆ.

ಮತ್ತೆ ಇಬ್ಬರೇ ಆದೆವು. ಆ ವಾರ ಪಾಯಸ ಮಾಡಿದೆ. ಏನು ವಿಶೇಷ ಅಂತ ಕೇಳಿದವರಿಗೆ ಶ್ಯಾವಿಗೆ ಹಳೆಯದಾಗುತ್ತಿತ್ತು ಅಂದೆ. ಫೋನಿನಲ್ಲಿ ಆ ಸರೋವರದ ಹತ್ತಿರದ ರೈತರ ಮನೆಯೊಂದನ್ನು ಆರಿಸಿಟ್ಟುಕೊಂಡೆ. ಎರಡು ಮಂಚ, ಒಂದು ಒಲೆ, ಕಿಟಕಿಯಲ್ಲಿ ಕೆಂಪು ಹೂವಿನ ಕುಂಡ. ಮನೆಯವರು ಮಾತ್ರ ದಿನದಿನಕ್ಕೂ ಮೌನವಾಗುತ್ತಿದ್ದರು. ಬೇಸಿಗೆ, ಕೆಲಸ ಜಾಸ್ತಿ, ಅದಕ್ಕೇ ಇರಬೇಕು ಅಂದುಕೊಂಡೆ.

ಆಗ ಒಂದು ದಿನ, ನಾನು ಆಸ್ಪತ್ರೆಯಲ್ಲಿದ್ದಾಗ, ಅತ್ತಿಗೆಯ ಫೋನು ಬಂತು. ಅತ್ತಿಗೆ ಅಂದರೆ ನಮ್ಮ ಮನೆಯವರ ಅಕ್ಕ. ಇವರು ಚಿಕ್ಕವರಿದ್ದಾಗಲೇ ತಾಯಿ ತೀರಿಹೋದರು. ತಮ್ಮಂದಿರಿಬ್ಬರನ್ನೂ ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಅವರೇ. ಈಗ ಮಾಗಡಿಯಿಂದ ಒಂದಿಷ್ಟು ದೂರದ ಹಳ್ಳಿಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ನಡುವೆ ಮನೆಯ ಯಜಮಾನಿಕೆ ಬಿಟ್ಟುಕೊಡದೆ ಇದ್ದಾರೆ. ಆ ಭಾನುವಾರದ ಗಲಾಟೆಯಲ್ಲಿ ಅವರು ಬಾಯಿ ಹಾಕಿರಲಿಲ್ಲ, ಬರುತ್ತೇನೆ ಅಂತಲೂ ಅಂದಿರಲಿಲ್ಲ.

"ನಾನೊಲ್ಲೆ ಒಲ್ಲೆ ಅಂದ್ರೂ ಕೇಳ್ದೆ ನನ್ ಫೋಟೊ ತೆಗೆಸಿ ಪಾಸ್‌ಪೋರ್ಟಿಗೆ ಹಾಕ್ಬುಟ್ಟ ಕಣವ್ವ ನಿನ್ ಗಂಡ," ಅಂದರು. "ಬಾ ಅಕ್ಕ, ಬಾ ಅಕ್ಕ ಅಂತ ಮೂರ್ ಕಿತ ಬಂದ. ಅಲ್ಲಿ ಸಾನೆ ಚಳಿಯಂತಲ್ಲ, ನಾನೂ ಒಂದು ಸ್ವೆಟರು ತಕ್ಕೊಂಡೆ."

ಅವರ ದನಿಯಲ್ಲಿ ಖುಷಿ ಇತ್ತು. ಒಳ್ಳೆಯದಾಯಿತು ಅತ್ತಿಗೆ ಅಂದು ಫೋನಿಟ್ಟೆ. ಕಿಟಕಿಯ ಮುಂದೆ ಸಾಲು ಬೆಳೆದಿತ್ತು. ಯಾರಿಗೆ ಏನು ಕೊಟ್ಟೆನೋ, ದೇವರ ದಯೆ, ತಪ್ಪು ಮಾತ್ರೆ ಹೋಗಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚದೆ ಬಿಸಿಲಲ್ಲಿ ನೇರವಾಗಿ ಅಂಗಡಿಗೆ ನಡೆದೆ.

ಅವರು ಒಬ್ಬರೇ ಇದ್ದರು. ತಂತಿ ಸುತ್ತುತ್ತಿದ್ದರು. ತಂತಿ ಸುತ್ತುವಾಗ ಅವರನ್ನು ಯಾರೂ ಮಾತಾಡಿಸುವುದಿಲ್ಲ, ಸುತ್ತಿನ ಲೆಕ್ಕ ತಪ್ಪಿದರೆ ಬಿಚ್ಚಿ ಮೊದಲಿಂದ ಶುರುಮಾಡಬೇಕು. ನಮ್ಮ ಮನೆಯಲ್ಲಿ ಕೂಸುಗಳಿಗೂ ಅದು ಗೊತ್ತು. ಆವತ್ತು ನಾನು ಅದನ್ನು ಲೆಕ್ಕಿಸಲಿಲ್ಲ.

"ಅತ್ತಿಗೇನ ನೀವೇ ಕರೆದ್ರಂತೆ," ಅಂದೆ.

ಹೂಂ ಅಂದರು. ಕೈ ತಿರುಗುತ್ತಲೇ ಇತ್ತು.

"ನನ್ ಜೊತೆ ಒಬ್ರೇ ಇರೋದು ನಿಮಗೆ ಅಷ್ಟು ಕಷ್ಟನಾ?"

ಕೈ ನಿಂತಿತು. ಲೆಕ್ಕ ಹೋಯಿತು ಅಂತ ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಬೈಯುತ್ತಾರೆ ಅಂದುಕೊಂಡೆ. ಅವರು ತಂತಿಯ ಉರುಳೆಯನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ನನ್ನ ಕಡೆ ನೋಡದೆ ಹೇಳಿದರು.

"ಕಷ್ಟ ಅಲ್ಲ ಕಣೆ, ಭಯ. ಇಲ್ಲಾದ್ರೆ ನಾಕು ಜನ ಇರ್ತಾರೆ, ಅವರು ಮಾತಾಡ್ತಾರೆ, ನಾನು ಹೂಂ ಅಂತೀನಿ, ದಿನ ಕಳ್ದೋಯ್ತದೆ. ಅಲ್ಲಿ ನಾನೊಬ್ನೇ. ಮೋಟ್ರು ಬುಟ್ರೆ ನಂಗೆ ಇನ್ನೇನ್ ಮಾತು ಬತ್ತದೆ ಹೇಳು. ಅಷ್ಟು ದಿವ್ಸ ನನ್ ಒಬ್ನನ್ನೇ ನೋಡ್ಕಂಡಿದ್ದು ನಿಂಗೆ ಬೇಜಾರಾಗ್ಬುಟ್ರೆ? ಇಂಥೋನ ಜೊತೇಲಾ ಇಷ್ಟು ವರ್ಸ ಇದ್ದೆ ಅಂತ ಅನ್ನಿಸ್ಬುಟ್ರೆ? ವಾಪಸ್ ಬಂದ್ಮೇಲೆ ಹೆಂಗಿರೋದು ನಾವು?"

ಇವರಿಗೆ ನಾನು ಬೇಡ ಅಂತ ನಾನು ತಿಂಗಳುಗಟ್ಟಲೆ ಒಳಗೊಳಗೇ ಕುದಿದಿದ್ದೆ. ಇವರು ನೋಡಿದರೆ, ನನಗೆ ಇವರು ಬೇಡವಾಗಿಬಿಡುತ್ತಾರೆ ಅಂತ ಹೆದರಿ ಊರಿನ ಜನರನ್ನೆಲ್ಲ ಅಡ್ಡ ಇಟ್ಟುಕೊಳ್ಳುತ್ತಿದ್ದರು. ಅಳುವೂ ಬಂತು, ಸಿಟ್ಟೂ ಬಂತು. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು ಇದನ್ನು ಹೇಳಲು ಇವರಿಗೆ ಒಂದು ದೇಶ ಬೇಕಾಯಿತಲ್ಲ ಅಂತ. ಬೇಜಾರಾದರೆ ಆಗಲಿ, ನನಗೂ ಬೇಜಾರು ಮಾಡಲು ಬರುತ್ತದೆ ಅಂತಷ್ಟೇ ಹೇಳಿ ಆಸ್ಪತ್ರೆಗೆ ವಾಪಸು ಹೋದೆ.

ಅತ್ತಿಗೆಯ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೇಡ ಅನ್ನುವ ಮಾತು ನನ್ನ ಬಾಯಿಂದ ಬರಬಾರದು ಅಂತ ನಾನು ನಿರ್ಧರಿಸಿದ್ದೆ. ತಾಯಿಯಂಥವರು, ಕರೆದದ್ದು ಇವರು, ಸ್ವೆಟರು ಬೇರೆ ಕೊಂಡಿದ್ದಾರೆ. ಅವರು ಬರುವುದೇ ಆದರೆ ಬರಲಿ, ಅವರ ಹಿಂದೆ ನಿಂತು ಸರೋವರ ನೋಡಿದರಾಯಿತು ಅಂತ ಮನಸ್ಸನ್ನು ಒಗ್ಗಿಸಿಕೊಳ್ಳುತ್ತಿದ್ದೆ. ಮುಂಗಾರು ಶುರುವಾಗಿ ಅಂಗಡಿಯ ಕೆಲಸ ಇಳಿಯಿತು. ಟಿಕೆಟ್ ಮಾಡಿಸುವ ಹೊತ್ತು ಮೀರುತ್ತಿತ್ತು. ಒಂದು ಬೆಳಿಗ್ಗೆ ಅವರು ಶರ್ಟು ಬದಲಿಸಿ ಬಂದು, ನಡಿ, ಅಕ್ಕನ ಮನೆಗೆ ಹೋಗಿ ಹೇಳಿ ಬರೋಣ ಅಂದರು.

ಏನು ಹೇಳುತ್ತೀರಿ ಅಂತ ಕೇಳಿದೆ. ಇಬ್ಬರೇ ಹೋಗುತ್ತೇವೆ ಅಂತ ಅಂದರು. ನಮ್ಮಲ್ಲಿ ಯಾರಿಗೂ ಯಾರೂ ಬೇಡ ಅಂತ ಮುಖಕ್ಕೆ ಹೇಳುವುದಿಲ್ಲ. ನೆಪ ಹೇಳುತ್ತೇವೆ. ಕೇಳಿದವರಿಗೂ ಅದು ನೆಪ ಅಂತ ಗೊತ್ತಿರುತ್ತದೆ, ಆದರೂ ಎರಡೂ ಕಡೆ ಮರ್ಯಾದೆ ಉಳಿಯುತ್ತದೆ. ಹಾಗಾಗಿ ದಾರಿಯುದ್ದಕ್ಕೂ ಗಾಡಿಯ ಹಿಂದೆ ಕೂತು ಅವರಿಗೆ ನೆಪಗಳನ್ನು ಹೇಳಿಕೊಟ್ಟೆ. ವೀಸಾದವರು ವಯಸ್ಸಾದವರಿಗೆ ತಕರಾರು ಮಾಡುತ್ತಾರೆ ಅನ್ನಿ. ಅಲ್ಲಿ ಬೆಟ್ಟ ಹತ್ತಬೇಕು, ನಿನ್ನ ಮಂಡಿಗೆ ಆಗುವುದಿಲ್ಲ ಅನ್ನಿ. ಅವರು ಯಾವುದಕ್ಕೂ ಹೂಂ ಅನ್ನಲಿಲ್ಲ. ಅವರು ಹೂಂ ಅನ್ನದೇ ಇದ್ದದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಅತ್ತಿಗೆ ಜಗಲಿಯ ಮೇಲೆ ಕೂತು ಬಿತ್ತನೆಯ ರಾಗಿಯನ್ನು ಮೊರದಲ್ಲಿ ಕೇರುತ್ತಿದ್ದರು. ನಮ್ಮನ್ನು ನೋಡಿ ಮುಖ ಅರಳಿತು. ಸೊಸೆಗೆ ಕಾಫಿ ಇಡಲು ಕೂಗಿದರು. ನಮ್ಮ ಮನೆಯವರು ಚಪ್ಪಲಿ ಬಿಡಲಿಲ್ಲ, ಕೂರಲೂ ಇಲ್ಲ. ಮೆಟ್ಟಿಲ ಕೆಳಗೆ ನಿಂತುಕೊಂಡೇ, ಬಾಯಿಪಾಠ ಒಪ್ಪಿಸುವ ಹುಡುಗನ ಹಾಗೆ ಹೇಳಿಬಿಟ್ಟರು.

"ಅಕ್ಕ, ನೀನು ಬರದು ಬ್ಯಾಡ. ಇವ್ಳೂ ನಾನೂ ಇಬ್ರೇ ಹೋಯ್ತೀವಿ. ಕರ್ದೋನೂ ನಾನೇ, ಬ್ಯಾಡ ಅನ್ನೋನೂ ನಾನೇ. ಇವ್ಳು ಒಂದ್ ಮಾತೂ ಅಂದಿಲ್ಲ."

ಮೊರ ನಿಲ್ಲಲಿಲ್ಲ. ಆದರೆ ಹೊಟ್ಟು ಹಾರುವ ಕಡೆಗೆ ಒಂದಿಷ್ಟು ರಾಗಿಯೂ ಹಾರಿತು. ಅವರು ಅದನ್ನು ನೋಡುತ್ತಾ ಕೂತರು. ಆಮೇಲೆ ಸರಿ ಬುಡು ಅಂದರು. ನನ್ನ ಕಡೆ ತಿರುಗಿ, "ಆ ಸ್ವೆಟರು ನಿಂಗೆ ಆಗಕಿಲ್ಲ ಕಣವ್ವ, ದೊಗಳೆ ಆಯ್ತದೆ," ಅಂದು, ಮೊರ ಎತ್ತಿಕೊಂಡು ಒಳಗೆ ಹೋದರು. ಒಳಗಿನಿಂದ ಕಾಫಿ ಬರಲಿಲ್ಲ. ಆ ಮನೆಯಲ್ಲಿ ಕಾಫಿ ಕುಡಿಯದೆ ನಾವು ಯಾವತ್ತೂ ಹೊರಟಿಲ್ಲ.

ನನಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ಒಳಗೆ ಹೋಗಿ ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು, ಹಿಡಿದುಕೊಂಡರೆ ಇವರು ಅಷ್ಟು ಕಷ್ಟಪಟ್ಟು ಹೇಳಿದ್ದನ್ನು ನಾನು ಅಳಿಸಿದ ಹಾಗಾಗುತ್ತದೆ ಅನ್ನಿಸಿತು. ಗಾಡಿ ಹತ್ತಿದೆವು. ಹಳ್ಳಿ ದಾಟಿ, ಕೆರೆ ಏರಿ ದಾಟಿ, ಎರಡೂ ಕಡೆ ಉತ್ತ ಹೊಲಗಳಿರುವ ಕಡೆ ಬಂದಾಗ ಅವರು ಗಾಡಿ ನಿಲ್ಲಿಸಿದರು. ಏನಾಯಿತು ಅಂತ ಇಳಿದು ನೋಡಿದರೆ ಅವರು ಅಳುತ್ತಿದ್ದರು. ಮದುವೆಯಾದ ಮೇಲೆ ಇವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಅಳಬೇಡಿ ಅನ್ನಲಿಲ್ಲ. ಸೆರಗಿನ ತುದಿ ಕೊಟ್ಟೆ, ಒರೆಸಿಕೊಂಡರು.

ಆಮೇಲೆ ಒಸಿ ನಡೆಯೋಣ ಅಂದರು. ಗಾಡಿ ತಳ್ಳಿ ಪಕ್ಕಕ್ಕೆ ನಿಲ್ಲಿಸಿ, ಬೀಗ ಹಾಕಿ, ಬದುವಿನ ಮೇಲೆ ನಡೆದೆವು. ಎಲ್ಲಿಗೆ ಅಂತ ಗೊತ್ತಿರಲಿಲ್ಲ. ಹಿಂದಿನ ದಿನದ ಮಳೆಗೆ ಮಣ್ಣು ಮೆತ್ತಗಿತ್ತು, ಚಪ್ಪಲಿ ಕಚ್ಚಿಕೊಳ್ಳುತ್ತಿತ್ತು. ಅವರು ಮುಂದೆ, ನಾನು ಹಿಂದೆ. ಕಣ್ಣಿಗೆ ಬೀಳುವಷ್ಟು ದೂರ ಒಂದು ನರಪಿಳ್ಳೆ ಇರಲಿಲ್ಲ. ಅವರು ಏನೂ ಮಾತಾಡಲಿಲ್ಲ. ನನಗೂ ಮಾತು ಬೇಕು ಅನ್ನಿಸಲಿಲ್ಲ. ಒಂದು ಕಡೆ ಬದು ಕಡಿದು ನೀರು ಹರಿದಿತ್ತು. ಅವರು ದಾಟಿ ನಿಂತು ಕೈ ಚಾಚಿದರು, ಹಿಡಿದು ದಾಟಿದೆ. ದಾಟಿದ ಮೇಲೂ ಇಬ್ಬರೂ ಕೈ ಬಿಡಲಿಲ್ಲ. ಬದು ಅಗಲವಿಲ್ಲದ್ದರಿಂದ ಅಡ್ಡಡ್ಡಲಾಗಿ ಎಡವಿಕೊಂಡು ನಡೆಯಬೇಕಾಯಿತು.

ಬದು ಮುಗಿಯುವ ಕಡೆ ಒಂದು ಹುಣಸೆ ಮರ. ಅದರ ಬುಡದಲ್ಲಿ ಬಹಳ ಹೊತ್ತು ಸುಮ್ಮನೆ ಕೂತೆವು. ಕೊನೆಗೆ ಅವರು ನೆಲ ಕೆದಕುತ್ತಾ, ನನ್ನ ಮುಖ ನೋಡಲು ಹೆದರುತ್ತಾ ಕೇಳಿದರು.

"ಬೇಜಾರಾಯ್ತಾ?"

"ಇನ್ನೂ ಇಲ್ಲ," ಅಂದೆ.